ಮಜ್ಜಿಗೆ ಇಲ್ಲದ ಎರಡು ವಾರ, ಬಾಗಿಲು ತೆರೆಯದ ಎರಡು ದಿನ

ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯ ಮೊದಲನೇ ಸಾಲು: ಅಯೋಡಿನ್ ಸೇರಿಸಿದ ಉಪ್ಪು ಬೇಡ. ಎರಡನೇ ಸಾಲು: ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ ಬೇಡ. ಆಮೇಲೆ ಮೊಟ್ಟೆ, ಸಮುದ್ರದ ಮೀನು, ಬೇಕರಿ ತಿಂಡಿ, ಹಪ್ಪಳ, ಉಪ್ಪಿನಕಾಯಿ. ಮೊಟ್ಟೆ ಮೀನು ನಮ್ಮ ಮನೆಯಲ್ಲಿ ಹೇಗೂ ಇಲ್ಲ. ಆದರೆ ಕೊಪ್ಪದ ಕಡೆಯ ತೋಟದ ಮನೆ ನಮ್ಮದು. ಕೊಟ್ಟಿಗೆಯಲ್ಲಿ ಎರಡು ಕರೆಯುವ ಹಸು, ಅಟ್ಟದ ಮೇಲೆ ಅಪ್ಪೆಮಿಡಿ ಭರಣಿ. ಊಟ ಶುರುವಾಗುವುದು ತಂಬುಳಿಯಿಂದ, ಮುಗಿಯುವುದು ಮಜ್ಜಿಗೆಯಿಂದ. ಅತ್ತೆಗೆ ಚೀಟಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಎಂತ ತಿಂತೀಯ ಮಾರಾಯ್ತಿ, ಗಾಳಿಯಾ?" ಎಂದರು.

ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ನನ್ನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. ಗಂಟು ಕಂಡದ್ದು ನಾದಿನಿಗೆ, ಒಂದು ಮದುವೆಮನೆಯಲ್ಲಿ ನನಗೆ ಸರದ ಕೊಂಡಿ ಹಾಕುವಾಗ. ಸ್ಕ್ಯಾನ್, ಸೂಜಿ ಹಾಕಿ ತೆಗೆಯುವ ಪರೀಕ್ಷೆ, ರಿಪೋರ್ಟು, ಆಪರೇಷನ್ನು, ಇದೆಲ್ಲ ಒಂದೇ ತಿಂಗಳಲ್ಲಿ ಆಗಿಹೋಯಿತು. ಥೈರಾಯ್ಡ್ ಕ್ಯಾನ್ಸರು, ಪ್ಯಾಪಿಲರಿ ಎಂಬ ಜಾತಿ. ಕ್ಯಾನ್ಸರುಗಳಲ್ಲಿ ಸಾಧು ಎಂದು ಡಾಕ್ಟರು ಹೇಳಿದರು. ಆದರೂ ಕುತ್ತಿಗೆಯ ಪಕ್ಕದ ದುಗ್ಧಗ್ರಂಥಿಗಳಿಗೂ ಸ್ವಲ್ಪ ಹಬ್ಬಿತ್ತು. ಕತ್ತರಿಗೆ ಸಿಗದೆ ಉಳಿದದ್ದನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಕುಡಿಸಬೇಕು, ಅದಕ್ಕೆ ಎರಡು ವಾರ ಈ ಪಥ್ಯ.

ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಹೇಳಿದ್ದನ್ನು ಮಾಡುತ್ತೇನೆ, ಆದರೆ ಜಮಾ ಯಾಕೆ, ಖರ್ಚು ಯಾಕೆ ಎಂದು ಗೊತ್ತಾಗಬೇಕು. ಹಾಗಾಗಿ ಕೇಳಿದೆ: ಅಯೋಡಿನ್ನೇ ಕೊಡುವುದಾದರೆ ಉಪ್ಪಿನ ಅಯೋಡಿನ್ ಮೇಲೆ ಯಾಕೆ ಸಿಟ್ಟು?

ಡಾಕ್ಟರು ಒಂದೇ ಪದದಲ್ಲಿ ಉತ್ತರ ಕೊಟ್ಟರು. "ಹಸಿವು."

ನಮ್ಮ ದೇಹದಲ್ಲಿ ಅಯೋಡಿನ್ನನ್ನು ಹುಡುಕಿ ಹೀರಿ ಕೂಡಿಡುವ ಕಸುಬು ಥೈರಾಯ್ಡ್ ಕೋಶಗಳದು. ಆ ಜಾತಿಯ ಕ್ಯಾನ್ಸರ್ ಕೋಶಗಳೂ ಸಾಮಾನ್ಯವಾಗಿ ತಮ್ಮ ಮನೆತನದ ಈ ಚಾಳಿ ಬಿಟ್ಟಿರುವುದಿಲ್ಲ. ಬಂದ ಅಯೋಡಿನ್ ಒಳ್ಳೆಯದೋ ಕೆಟ್ಟದ್ದೋ ಎಂದು ಅವಕ್ಕೆ ತಿಳಿಯುವುದಿಲ್ಲ. ಎರಡು ವಾರ ಉಪವಾಸ ಕೆಡವಿ, ಆಮೇಲೆ ವಿಕಿರಣದ ಅಯೋಡಿನ್ ಬಡಿಸಿದರೆ ಬರಗೆಟ್ಟ ಹಾಗೆ ಎಳೆದುಕೊಂಡು ಒಳಗೆ ಇಟ್ಟುಕೊಳ್ಳುತ್ತವೆ. ಇಟ್ಟುಕೊಂಡದ್ದೇ ಅವುಗಳನ್ನು ಸುಡುತ್ತದೆ. ಉಪ್ಪು ತಿಂದು ಹೊಟ್ಟೆ ತುಂಬಿಸಿಕೊಂಡಿದ್ದರೆ ಎಲೆಯ ಮುಂದೆ ಕೂರುವುದೇ ಇಲ್ಲ.

ಅತ್ತೆಗೆ ಇದು ನನಗಿಂತ ಬೇಗ ಅರ್ಥವಾಯಿತು. ಅವರ ತವರು ಶೃಂಗೇರಿಯಾಚೆ. ಅಲ್ಲಿ ಹಿಂದೆ ಮನೆಗೊಬ್ಬರಿಗಾದರೂ ಗಳಗಂಡ ಇರುತ್ತಿತ್ತಂತೆ. ಮಲೆನಾಡಿನ ಮಳೆ ಮಣ್ಣಿನಲ್ಲಿದ್ದ ಅಯೋಡಿನ್ನನ್ನು ತೊಳೆದುಕೊಂಡು ಹೋಗುತ್ತದೆ. ಸಿಗದ ಅಯೋಡಿನ್ನಿಗಾಗಿ ಗ್ರಂಥಿ ಊದಿಕೊಳ್ಳುತ್ತದೆ. ಅದಕ್ಕೇ ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿ, ಮುಂದೆ ಎಲ್ಲರ ಉಪ್ಪಿಗೂ ಅಯೋಡಿನ್ ಹಾಕಿಸಿದ್ದು. ಹಾಗಾಗಿ ನನ್ನ ಪಥ್ಯಕ್ಕೆ ಬೇಕಾದ ಉಪ್ಪು ನಮ್ಮ ಸೊಸೈಟಿಯ ಅಂಗಡಿಯಲ್ಲೇ ಇರಲಿಲ್ಲ. "ದನಕ್ಕೆ ಹಾಕೋ ಉಪ್ಪಿದೆಯಲ್ಲ, ಅದ್ರಲ್ಲಿ ಅಯೋಡಿನ್ ಇಲ್ವಂತೆ" ಎಂದರು ಅತ್ತೆ. ಅವರು ಹೇಳಿದ್ದು ತಮಾಷೆಗಲ್ಲ. ಕೊನೆಗೆ ನನ್ನ ತಮ್ಮ ಬೆಂಗಳೂರಿನ ಔಷಧಿ ಅಂಗಡಿಯಿಂದ ಒಂದು ಪೊಟ್ಟಣ ತಂದುಕೊಟ್ಟ. ಅದರ ಮೇಲೆ ಅತ್ತೆ ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದು ಒಲೆಯ ಪಕ್ಕ ಬೇರೆಯಾಗಿಟ್ಟರು.

ಊಟಕ್ಕಿಂತ ಕಷ್ಟವಾದದ್ದು ಮಾತ್ರೆ ಇಲ್ಲದಿರುವುದು. ಗ್ರಂಥಿ ತೆಗೆದ ಮೇಲೆ, ಅದು ಮಾಡುತ್ತಿದ್ದ ಹಾರ್ಮೋನಿನ ಬದಲು ಥೈರಾಕ್ಸಿನ್ ಮಾತ್ರೆ ದಿನವೂ ಬೇಕು. ಈ ಚಿಕಿತ್ಸೆಗೆ ಮುಂಚೆ ಸುಮಾರು ನಾಲ್ಕು ವಾರ ಅದನ್ನು ನಿಲ್ಲಿಸುತ್ತಾರೆ. ಹಾರ್ಮೋನ್ ಇಳಿದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಗಾಬರಿಯಾಗಿ ತನ್ನ ಹಾರ್ಮೋನಾದ ಟಿಎಸ್‌ಎಚ್ ಸುರಿಯುತ್ತದೆ. ಉಳಿದ ಥೈರಾಯ್ಡ್ ಕೋಶಗಳನ್ನು "ಏಳಿ, ಅಯೋಡಿನ್ ಹುಡುಕಿ" ಎಂದು ಬಡಿದೆಬ್ಬಿಸುವುದು ಅದೇ. ರಕ್ತದಲ್ಲಿ ಅದರ ಅಳತೆ 30 ದಾಟಬೇಕು. ಮಾತ್ರೆ ನಿಲ್ಲಿಸದೆ ಟಿಎಸ್‌ಎಚ್ಚನ್ನೇ ಚುಚ್ಚುವ ಇಂಜೆಕ್ಷನ್ ಇದೆ, ಬೆಲೆ ಕೇಳಿ ಇವರು ನನ್ನ ಮುಖ ನೋಡಿದರು, ನಾನು ಕಿಟಕಿ ನೋಡಿದೆ.

ಮೂರನೇ ವಾರಕ್ಕೆ ನಾನು ನಾನಾಗಿರಲಿಲ್ಲ. ಜೂನ್ ತಿಂಗಳ ಮಳೆ ಬೇರೆ. ಒಲೆಯ ಮುಂದೆ ಕೂತರೂ ಬೆನ್ನಲ್ಲಿ ಚಳಿ. ಮುಖ ಊದಿ, ದನಿ ಗಂಡಸಿನ ಹಾಗಾಗಿ, ಮೆಟ್ಟಿಲು ಹತ್ತಿದರೆ ಯಾಕೆ ಹತ್ತಿದೆ ಎಂದು ಮರೆತು ಇಳಿಯುತ್ತಿದ್ದೆ. ಹದಿನೆಂಟು ವರ್ಷ ಕೂಡಿ ಕಳೆದವಳಿಗೆ ಹಾಲಿನ ಲೆಕ್ಕ ಮೂರು ಸಲ ತಪ್ಪಿತು. ಚಳಿ ಹೆಚ್ಚಾದಾಗ ಕೈಗಾದರೂ ಕೆಲಸ ಇರಲಿ ಎಂದು ಆರು ವರ್ಷದ ಮಗಳಿಗೊಂದು ಉಣ್ಣೆಯ ಟೋಪಿ ಹೆಣೆಯಲು ಹಿಡಿದೆ. ಕೆಂಪು ಉಣ್ಣೆ. ಆ ಟೋಪಿಯ ಕತೆ ಮುಂದೆ ಬರುತ್ತದೆ. ಕೊನೆಗೆ ನನ್ನ ಟಿಎಸ್‌ಎಚ್ 84 ಬಂದಾಗ ಆಸ್ಪತ್ರೆಯಲ್ಲಿ ಎಲ್ಲರಿಗೂ ಖುಷಿ. ಪರೀಕ್ಷೆಯಲ್ಲಿ 84 ತೆಗೆದಾಗಲೂ ನನ್ನನ್ನು ಯಾರೂ ಅಷ್ಟು ಹೊಗಳಿರಲಿಲ್ಲ.

ಅಷ್ಟರಲ್ಲಿ ಊರಿನ ಬಾಯಿಯೂ ಸುಮ್ಮನಿರಲಿಲ್ಲ. ಹಾಲಿನ ಡೈರಿಯಲ್ಲಿ ತೀರ್ಮಾನವಾಗಿತ್ತು: ಗುಡ್ಡದ ಮೇಲಿನ ಮೊಬೈಲ್ ಟವರಿನಿಂದಲೇ ಇವಳಿಗೆ ಹೀಗಾದದ್ದು. ಟವರಿನ ಅಲೆಗೂ ನನಗೆ ಕೊಡುವ ವಿಕಿರಣಕ್ಕೂ ಹೆಸರು ಮಾತ್ರ ಒಂದೇ, ಟವರಿನದಕ್ಕೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತೆಸೆಯುವಷ್ಟು ಬಲವಿಲ್ಲ ಎಂದು ವಿವರಿಸಲು ಹೋಗಿ ಸೋತೆ. ಟವರ್ ಬೈದವರೇ ಮರುಕ್ಷಣ ಕುತೂಹಲದಿಂದ ಕೇಳಿದರು: "ಅಲ್ಲ, ಬಾಂಬಿನಲ್ಲಿರೋದನ್ನೇ ಕುಡಿಸ್ತಾರಂತೆ, ಹೌದಾ?"

ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ. ಆ ವಿಕಿರಣದ ಅಯೋಡಿನ್, ಅಂದರೆ ಅಯೋಡಿನ್-131, ಯುರೇನಿಯಂ ಒಡೆದಾಗಲೂ ಹುಟ್ಟುತ್ತದೆ. ನಮಗೆ ಕೊಡುವುದನ್ನು ಮುಂಬೈಯ ಟ್ರಾಂಬೆಯ ರಿಯಾಕ್ಟರಿನಲ್ಲಿ ಟೆಲ್ಲೂರಿಯಂ ಎಂಬ ಧಾತುವಿಗೆ ನ್ಯೂಟ್ರಾನ್ ಹಾಯಿಸಿ ತಯಾರಿಸುತ್ತಾರೆ. ಅದು ಹಾಲಿದ್ದ ಹಾಗೆ, ಇಟ್ಟರೆ ಉಳಿಯುವುದಿಲ್ಲ. ಎಂಟು ದಿನಕ್ಕೆ ಅರ್ಧ, ಹದಿನಾರಕ್ಕೆ ಕಾಲು, ಇಪ್ಪತ್ತನಾಲ್ಕಕ್ಕೆ ಅರೆಕಾಲು. ಅದಕ್ಕೇ ಸರಕು ಬರುವ ದಿನ ನೋಡಿಕೊಂಡು ರೋಗಿಗೆ ದಿನ ಗೊತ್ತು ಮಾಡುತ್ತಾರೆ. ನನಗೆ ಒಂದು ಮಂಗಳವಾರ.

ಆಸ್ಪತ್ರೆಯ ಆ ಭಾಗ ನೆಲಮಾಳಿಗೆಯಲ್ಲಿತ್ತು. ಬಾಗಿಲ ಮೇಲೆ ಹಳದಿ ಹಿನ್ನೆಲೆಯ ಮೂರು ಎಸಳಿನ ಗುರುತು. ಮೊದಲು ಬಸಿರಿನ ಪರೀಕ್ಷೆ ಕಡ್ಡಾಯ, ಎಷ್ಟೇ ಇಲ್ಲ ಎಂದರೂ ಬಿಡುವುದಿಲ್ಲ. ಹತ್ತು ಹನ್ನೆರಡು ವಾರದ ಹೊತ್ತಿಗೆ ಗರ್ಭದೊಳಗಿನ ಕೂಸಿನ ಥೈರಾಯ್ಡೂ ಅಯೋಡಿನ್ ಎಳೆದುಕೊಳ್ಳಲು ಶುರುಮಾಡುತ್ತದೆ. ತಾಯಿಯ ಮದ್ದು ಕೂಸಿನ ಗ್ರಂಥಿಯನ್ನೇ ಸುಟ್ಟೀತು. ಮುಂದೆಯೂ ಆರು ತಿಂಗಳಿಂದ ವರ್ಷದವರೆಗೆ ಬಸಿರಾಗಬಾರದು ಎಂದು ಬರೆಸಿಕೊಂಡರು.

ಅಲ್ಲಿ ನನಗೆ ಸಿಕ್ಕಿದವಳು ವಿಕಿರಣ ಸುರಕ್ಷತೆಯ ಅಧಿಕಾರಿ, ಇಪ್ಪತ್ತೆಂಟು ಮೂವತ್ತರ ಹುಡುಗಿ, ಕೊಪ್ಪಳದ ಕಡೆಯವಳು. ನಾನು ಕೊಪ್ಪ ಎಂದಾಗ "ನೀವು ಕೊಪ್ಪ, ನಾ ಕೊಪ್ಪಳ, ನಡುವ ಬರೇ ಒಂದು ಅಕ್ಷರ ಬಿಟ್ಟೈತ್ರಿ ಅಕ್ಕಾರ" ಎಂದಳು. ಎದೆಯ ಮೇಲೆ ಒಂದು ಚಿಕ್ಕ ಬ್ಯಾಡ್ಜು. ಅವಳ ಮೈಗೆ ತಾಕಿದ ವಿಕಿರಣವನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದೆ, ನಮ್ಮ ಪಾಸ್‌ಬುಕ್ಕಿನ ಹಾಗೆ. ಅಲ್ಲಿ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಕಿದ ವಿಕಿರಣದ ಅಳತೆ) ಮಿತಿ, ನಮ್ಮಂಥ ಜನಸಾಮಾನ್ಯರಿಗೆ ಮನುಷ್ಯ ಮಾಡಿದ ಮೂಲಗಳಿಂದ, ಚಿಕಿತ್ಸೆಯದನ್ನು ಬಿಟ್ಟು, ವರ್ಷಕ್ಕೆ 1. ಇನ್ನು ಮಣ್ಣು, ಕಲ್ಲು, ಗಾಳಿ, ಆಕಾಶ, ನಾವು ತಿನ್ನುವ ಅನ್ನ, ಇವೆಲ್ಲ ಸೇರಿ ಭೂಮಿಯ ಮೇಲೆ ಸರಾಸರಿ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಹೇಗೂ ಸಿಗುತ್ತದೆ. ಸಾಕ್ಷಿಗೆ ಅವಳು ತನ್ನ ಮೀಟರನ್ನು ಖಾಲಿ ಗೋಡೆಯ ಕಡೆ ಹಿಡಿದಳು. ಟಿಕ್. ಸ್ವಲ್ಪ ತಡೆದು, ಟಿಕ್ ಟಿಕ್. ಗೋಡೆಯ ಇಟ್ಟಿಗೆಯೂ ಮಾತಾಡುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

"ಒಳಗ ಏನೇನ್ ಒಯ್ತೀರಿ, ಯೋಚನಿ ಮಾಡಿ ಒಯ್ರಿ. ಒಳಗ ಹೋದದ್ದು ನಾ ಹೇಳೂತನಕ ಹೊರಗ ಬರಂಗಿಲ್ಲ."

ಮೊಬೈಲಿಗೆ ಪ್ಲಾಸ್ಟಿಕ್ ಸುತ್ತಿದೆವು. ಹಳೇ ಸೀರೆ ಎರಡು, ಟವೆಲು. ಅರ್ಧ ಆದ ಟೋಪಿ, ಉಣ್ಣೆಯುಂಡೆ, ಹೆಣೆಯುವ ಕಡ್ಡಿ. ಕೋಣೆ ಚೆನ್ನಾಗಿಯೇ ಇತ್ತು. ಮಂಚ, ಟಿವಿ, ಮೂಲೆಯಲ್ಲಿ ಕ್ಯಾಮೆರಾ, ದಪ್ಪ ಗೋಡೆ, ಸೀಸ ತುಂಬಿದ ಭಾರದ ಬಾಗಿಲು. ಸ್ವಿಚ್ಚು, ರಿಮೋಟು, ನಲ್ಲಿಯ ಹಿಡಿಕೆಗಳಿಗೆಲ್ಲ ಪ್ಲಾಸ್ಟಿಕ್. ಶೌಚಾಲಯದ ನೀರು ಊರಿನ ಚರಂಡಿಗೆ ಹೋಗುವುದಿಲ್ಲ, ಬೇರೆ ಟ್ಯಾಂಕಿನಲ್ಲಿ ವಾರಗಟ್ಟಲೆ ನಿಂತು ಬಲ ಕುಂದಿದ ಮೇಲೆ ಬಿಡುತ್ತಾರೆ. ಮಧ್ಯಾಹ್ನದ ಊಟ ಕ್ಯಾಂಟೀನಿನಿಂದ ಬಂತು. ಮುಚ್ಚಳ ತೆಗೆದರೆ ಮೊಸರನ್ನ! ಎರಡು ವಾರ ಮನೆಯ ಮೊಸರನ್ನು ಕಣ್ಣಲ್ಲೇ ನೋಡಿದವಳಿಗೆ ಆಸ್ಪತ್ರೆಯವರೇ ಮೊಸರನ್ನ ಕಳಿಸಿದ್ದರು. ವಾಪಸ್ ಮಾಡಿದೆ. ಅದರ ಮೇಲಿದ್ದ ದಾಳಿಂಬೆ ಕಾಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂರು ಗಂಟೆಗೆ ಸೀಸದ ಪಾತ್ರೆ ಬಂತು. ಗಾತ್ರ ನಮ್ಮ ಚಿಕ್ಕ ಉಪ್ಪಿನಕಾಯಿ ಭರಣಿಯಷ್ಟು. ಹೊತ್ತು ತಂದವನ ಕೈ ಜಗ್ಗಿದ್ದು ನೋಡಿದರೆ ಕಲ್ಲುಗುಂಡಿನ ತೂಕ. ಒಳಗೆ ಒಂದು ಸಣ್ಣ ಸೀಸೆ, ಅದರಲ್ಲಿ ನೀರಿನಂಥದ್ದು. ಉದ್ದದ ಸ್ಟ್ರಾ ಇಟ್ಟು, ಎಲ್ಲರೂ ಬಾಗಿಲಾಚೆ ಸರಿದು, "ಕುಡೀರಿ" ಎಂದರು. ಕುಡಿದೆ. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ಸೀಸೆಗೆ ಮತ್ತೆರಡು ಸಲ ನೀರು ಹಾಕಿ ಅದನ್ನೂ ಕುಡಿಸಿದರು, ಮನೆಯಲ್ಲಿ ತುಪ್ಪದ ಲೋಟ ತೊಳೆದು ಕುಡಿಸುವ ಹಾಗೆ.

ಕಾಗದದ ಮೇಲೆ 100 ಮಿಲಿಕ್ಯೂರಿ ಎಂದಿತ್ತು. ಅಂದರೆ ಒಂದು ಸೆಕೆಂಡಿಗೆ 370 ಕೋಟಿ ಪರಮಾಣುಗಳು ಒಡೆಯುತ್ತವೆ. ಇಷ್ಟು ದೊಡ್ಡ ಲೆಕ್ಕದ ಹಿಂದಿರುವ ಅಯೋಡಿನ್ನಿನ ತೂಕ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಅಲ್ಲ. ನಾನು ಕಂಡ ಖಾತೆಗಳಲ್ಲೆಲ್ಲ ಅಸಲು ಇಷ್ಟು ಸಣ್ಣದಾಗಿ ಬಡ್ಡಿ ಇಷ್ಟು ದೊಡ್ಡದಾದದ್ದು ಇದೊಂದೇ.

ಬಾಗಿಲು ಮುಚ್ಚಿತು. ಮೊದಲ ಅರ್ಧ ಗಂಟೆ ಏನಾದರೂ ಆಗುತ್ತದೆಂದು ಕಾದೆ, ಏನೂ ಆಗಲಿಲ್ಲ. ಎರಡು ಗಂಟೆ ಕಳೆದು ಕೊಪ್ಪಳದ ಹುಡುಗಿ ಬಂದಳು. ಬಾಗಿಲಲ್ಲೇ ನಿಂತು, ನೆಲದ ಮೇಲೆ ಎಳೆದ ಗೆರೆಯ ಹತ್ತಿರ ನನ್ನನ್ನು ನಿಲ್ಲಿಸಿ ಮೀಟರ್ ಚಾಚಿದಳು. ಬೆಳಿಗ್ಗೆ ಗೋಡೆಗೆ ಟಿಕ್ ಎಂದಿದ್ದ ಮೀಟರು ಈಗ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚಟಚಟ ಎಂದಿತು. ಆಮೇಲೆ ಸಾಸಿವೆಯ ಬಿಡಿಬಿಡಿ ಸದ್ದೂ ಹೋಗಿ ಒಂದೇ ಶ್ರುತಿ. ಆ ಸದ್ದು ಬರುತ್ತಿದ್ದದ್ದು ನನ್ನಿಂದ. ನನಗೆ ನೋವಿಲ್ಲ, ಬಿಸಿ ಇಲ್ಲ, ಬೆಳಕು ಹೊಮ್ಮುತ್ತಿಲ್ಲ, ಆದರೆ ಆ ಡಬ್ಬಿಗೆ ನಾನು ಕೇಳಿಸುತ್ತಿದ್ದೇನೆ. ಕಣ್ಣಲ್ಲಿ ನೀರು ಬಂತು, ಯಾಕೆಂದು ಈಗಲೂ ಹೇಳಲಾರೆ.

"ಒಂದು ಮೀಟರಿಗೆ 162," ಅಂದಳು. ಗಂಟೆಗೆ ಅಷ್ಟು ಮೈಕ್ರೋಸೀವರ್ಟ್; ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ. "ಐವತ್ತರ ಒಳಗ ಬಂತಂದ್ರ ಮನಿಗಿ ಕಳಸ್ತೀನಿ. ನೀರ್ ಕುಡೀರಿ, ನೀರ್ ಕುಡೀರಿ. ಗ್ರಂಥಿಗಿ ಹೋಗಲಾರದ್ದೆಲ್ಲಾ ಮೂತ್ರದಾಗ ಹೋಗಬೇಕು."

ಅಯೋಡಿನ್ ಒಡೆದಾಗ ಎರಡು ಬಗೆಯದು ಹೊರಬೀಳುತ್ತದೆ. ಬೀಟಾ ಕಣ ಮಾಂಸದೊಳಗೆ ಹೆಚ್ಚೆಂದರೆ ಎರಡು ಮಿಲಿಮೀಟರ್ ಓಡಿ ಸುಸ್ತಾಗುತ್ತದೆ. ಮದ್ದಿನ ಕೆಲಸ ಮಾಡುವುದು ಅದೇ. ದಾರಿಯಲ್ಲಿ ಸಿಕ್ಕ ಕೋಶದ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ, ಕೋಶದೊಳಗಿನ ನೀರನ್ನೂ ಒಡೆದು ಅದರ ಚೂರುಗಳಿಂದಲೂ ಹೊಡೆಸುತ್ತದೆ. ಒಂದು ಎಳೆ ಕಡಿದರೆ ಕೋಶ ಹೊಲಿದುಕೊಳ್ಳುತ್ತದೆ. ಎರಡೂ ಎಳೆ ಒಂದೇ ಕಡೆ ಕಡಿದರೆ ಹೊಲಿಗೆ ಕಷ್ಟ. ಕೋಶ ಸಾಯುತ್ತದೆ, ಇಲ್ಲವೇ ತಪ್ಪಾಗಿ ಹೊಲಿದುಕೊಂಡು ಬದುಕುತ್ತದೆ. ಹಾಗೆ ತಪ್ಪು ಹೊಲಿಗೆ ಹಾಕಿಕೊಂಡು ಬದುಕಿದ ಕೋಶದಿಂದ ಎಷ್ಟೋ ವರ್ಷದ ನಂತರ ಕ್ಯಾನ್ಸರ್ ಹುಟ್ಟಬಹುದು. ಈ ಮದ್ದಿನಿಂದಲೂ ಮುಂದೆ ಬೇರೆ ಕ್ಯಾನ್ಸರ್ ಬರುವ ಸಾಧ್ಯತೆ ಒಂದು ಚೂರು ಹೆಚ್ಚುತ್ತದೆ, ಪ್ರಮಾಣ ಹೆಚ್ಚಾದಷ್ಟೂ ಹೆಚ್ಚು. ಅದನ್ನು ಓದಿಯೇ ಸಹಿ ಹಾಕಿದ್ದೆ. ಇನ್ನೊಂದು ಗಾಮಾ ಕಿರಣ. ಅದು ಮೈಯಿಂದ ಹೊರಗೆ ಹಾಯುತ್ತದೆ. ಮೀಟರಿಗೆ ಕೇಳಿಸಿದ್ದು, ಸೀಸದ ಬಾಗಿಲು ಹಾಕಿದ್ದು ಅದಕ್ಕಾಗಿ.

ಮಾಂಸ ಹೀರಿಕೊಂಡ ವಿಕಿರಣವನ್ನು ಗ್ರೇ ಲೆಕ್ಕದಲ್ಲಿ ಅಳೆಯುತ್ತಾರೆ. ಕುತ್ತಿಗೆಯಲ್ಲಿ ಉಳಿದ ತುಣುಕಿಗೆ ಬೀಳುವುದು ನೂರಾರು ಗ್ರೇ. ಉಳಿದ ಮೈಗೆ ಒಂದು ಗ್ರೇಯೂ ಇಲ್ಲ, ಅದರಲ್ಲೊಂದು ಪಾಲು. ಈ ವ್ಯತ್ಯಾಸದಲ್ಲೇ ನನ್ನ ಜೀವ ಇತ್ತು. ಇಡೀ ಮೈಗೆ ಒಮ್ಮೆಲೇ ನಾಲ್ಕೈದು ಗ್ರೇ ಬಿದ್ದು ಚಿಕಿತ್ಸೆ ಸಿಗದಿದ್ದರೆ ಅರ್ಧಕ್ಕರ್ಧ ಜನ ಉಳಿಯುವುದಿಲ್ಲ. ಬೇಗ ಬೇಗ ಹೊಸ ಕೋಶ ಹುಟ್ಟಿಸುವ ಜಾಗಗಳು, ಅಂದರೆ ಮೂಳೆಯ ಮಜ್ಜೆ, ಕರುಳಿನ ಒಳಪೊರೆ, ಕೂದಲ ಬುಡ, ಮೊದಲು ಕೈಕೊಡುತ್ತವೆ. ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಹಾಗೆ ವಿಕಿರಣ ಕಾಯಿಲೆ ಹಿಡಿದ 134 ಸಿಬ್ಬಂದಿಯಲ್ಲಿ 28 ಮಂದಿ ಮೊದಲ ಕೆಲವೇ ತಿಂಗಳಲ್ಲಿ ತೀರಿಕೊಂಡರು.

ಎರಡನೇ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಚೆರ್ನೋಬಿಲ್ ಬಗ್ಗೆ ಓದುತ್ತಾ ಹೋದೆ. ಓದಬಾರದಿತ್ತೇನೋ. 1986ರ ಏಪ್ರಿಲ್ 26ರಂದು ರಿಯಾಕ್ಟರ್ ಸಿಡಿಯಿತು. ಗಾಳಿಗೆ ಹಾರಿದ್ದರಲ್ಲಿ ನನ್ನ ಹೊಟ್ಟೆಯಲ್ಲಿದ್ದ ಇದೇ ಅಯೋಡಿನ್-131 ಕೂಡ ಇತ್ತು. ಅದು ಹುಲ್ಲಿನ ಮೇಲೆ ಕೂತಿತು. ಹುಲ್ಲನ್ನು ಹಸು ಮೇಯಿತು. ಹಸುವಿನ ಮೈಯಿಂದ ಹಾಲಿಗೆ ಇಳಿಯಿತು. ಹಾಲನ್ನು ಮಕ್ಕಳು ಕುಡಿದರು. ಮಕ್ಕಳ ಥೈರಾಯ್ಡ್ ಪುಟ್ಟದು, ಬೆಳೆಯುತ್ತಿರುವುದು. ಅಷ್ಟೇ ಅಯೋಡಿನ್ ಅಲ್ಲಿ ಹೊಕ್ಕರೆ ಹಲವು ಪಟ್ಟು ಪೆಟ್ಟು. ಮೇಲಾಗಿ ಬೆಲಾರೂಸಿನ ಗೋಮೆಲ್ ಸುತ್ತಿನ ನೆಲದಲ್ಲಿ ನಮ್ಮ ಮಲೆನಾಡಿನ ಹಾಗೇ ಅಯೋಡಿನ್ ಕಡಿಮೆ. ಆ ಮಕ್ಕಳ ಗ್ರಂಥಿಗಳು ಹುಟ್ಟಿದಾಗಿನಿಂದ ಹಸಿದಿದ್ದವು. ಬೆಲಾರೂಸ್, ಉಕ್ರೇನ್, ರಷ್ಯಾದ ಆ ಸೀಮೆಯಲ್ಲಿ ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡವು, ಬಹಳಷ್ಟು ಹಾಲಿನ ದೆಸೆಯಿಂದ. ಅವರಲ್ಲಿ ಆವರೆಗೆ ಸತ್ತವರು 15 ಮಂದಿ. ಉಳಿದವರಲ್ಲಿ ಎಷ್ಟೋ ಜನರಿಗೆ ಆಮೇಲೆ ಇದೇ ಅಯೋಡಿನ್ನೇ ಮದ್ದಾಯಿತು. ಪಕ್ಕದ ಪೋಲೆಂಡಿನಲ್ಲಿ ಮಾತ್ರ ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಸಾದಾ ಅಯೋಡಿನ್ ಕುಡಿಸಿದರು. ಗ್ರಂಥಿಯ ಹೊಟ್ಟೆ ಮೊದಲೇ ತುಂಬಿಸಿಬಿಟ್ಟರೆ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ.

ಚೀಟಿಯ ಎರಡನೇ ಸಾಲು ಆಗ ನೆನಪಾಯಿತು. ಹಾಲು, ಮೊಸರು, ಮಜ್ಜಿಗೆ ಬೇಡ. ನಮ್ಮ ಕೊಟ್ಟಿಗೆಯ ಹಸು ತಿಂದ ಅಯೋಡಿನ್ ನನ್ನ ಲೋಟಕ್ಕೆ ಬರುವ ದಾರಿ ಅದೇ, ಗೋಮೆಲ್‌ನ ಮಕ್ಕಳ ಲೋಟಕ್ಕೆ ಬಂದ ದಾರಿ. ನನ್ನನ್ನು ಎರಡು ವಾರ ಹಟಹಿಡಿದು ಹಸಿವೆಗೆ ಕೆಡವಿದ್ದರು. ಆ ಮಕ್ಕಳನ್ನು ಹಸಿವೆಗೆ ಕೆಡವಿದವರು ಯಾರೂ ಇರಲಿಲ್ಲ, ಮಣ್ಣೇ ಹಾಗಿತ್ತು. ಫೋನ್ ಮಗುಚಿಟ್ಟು ಟೋಪಿ ಹೆಣೆದೆ.

ಹಗಲೆಲ್ಲ ಕೆಲಸವೆಂದರೆ ನೀರು ಕುಡಿಯುವುದು, ಮೂತ್ರಕ್ಕೆ ಹೋಗುವುದು, ಎರಡು ಮೂರು ಸಲ ಫ್ಲಶ್ ಒತ್ತುವುದು, ದಿನಕ್ಕೆರಡು ಸ್ನಾನ. ಊಟ ಬಾಗಿಲ ಬಳಿಯ ಸ್ಟೂಲಿನ ಮೇಲೆ ಇಟ್ಟು ಬೆಲ್ ಒತ್ತಿ ಹೋಗುತ್ತಿದ್ದರು. ಮೊದಲ ರಾತ್ರಿ ಹೊಟ್ಟೆ ತೊಳಸಿತು. ವಾಂತಿಯಾದರೆ ಅದೂ ವಿಕಿರಣವೇ, ಗುಡಿಸಿ ಬಳಿಯುವವರಿಗೆಲ್ಲ ತೊಂದರೆ ಎಂಬ ಹೆದರಿಕೆಗೇ ವಾಂತಿ ನಿಂತಿತು, ಮಾತ್ರೆಯಿಂದಲ್ಲ. ಮರುದಿನದಿಂದ ಕೆನ್ನೆಯ ಒಳಬದಿ, ಕಿವಿಯ ಕೆಳಗೆ ಊದಿಕೊಂಡಿತು. ಜೊಲ್ಲಿನ ಗ್ರಂಥಿಗಳೂ ಸ್ವಲ್ಪ ಅಯೋಡಿನ್ ಕದಿಯುತ್ತವಂತೆ. ಹುಳಿ ಮಿಠಾಯಿ ಚೀಪುತ್ತಾ ಇರಬೇಕು, ಜೊಲ್ಲು ಹರಿದು ಅದನ್ನು ಹೊರಹಾಕಬೇಕು.

ಬುಧವಾರದ ಅಳತೆ 58. ಎಂಟರಲ್ಲಿ ತಪ್ಪಿತು! "ಎಂಟಲ್ವೇನಮ್ಮ, ಬಿಟ್ಟುಬಿಡು" ಎಂದೆ. "ನಿಮ್ಮ ಸೊಸೈಟ್ಯಾಗ ಎಂಟು ರೂಪಾಯಿ ಕಮ್ಮಿ ಬಂದ್ರ ಬಿಡ್ತೀರೇನ್ರಿ?" ಎಂದಳು. ಸುಮ್ಮನಾದೆ. ಗುರುವಾರ ಮಧ್ಯಾಹ್ನ 21. ಸೀರೆ, ಟವೆಲು, ಪ್ಲಾಸ್ಟಿಕ್ಕು, ಚೀಲ, ಒಂದೊಂದಕ್ಕೂ ಮೀಟರ್ ಹಿಡಿದಳು. ಮೊಬೈಲ್ ಪಾಸಾಯಿತು. ಟೋಪಿಗೆ ಹಿಡಿದಾಗ ಸಾಸಿವೆ ಸಿಡಿಯಿತು. ಕೈಯ ಬೆವರು, ಹಲ್ಲಲ್ಲಿ ಕಚ್ಚಿ ಕತ್ತರಿಸಿದ ನೂಲು. ಟೋಪಿ ಪೂರ್ತಿಯಾಗಿತ್ತು, ತುದಿಯ ಗೊಂಡೆ ಸಹ ಕಟ್ಟಿಯಾಗಿತ್ತು. ಅದನ್ನು ಹಳದಿ ಚೀಲಕ್ಕೆ ಹಾಕಿ, ತಾರೀಕು ಬರೆದು, ಒಂದು ಕತ್ತಲೆ ಕೋಣೆಯ ಕಪಾಟಿನಲ್ಲಿಟ್ಟಳು. "ಎಂಬತ್ತು ದಿನ. ಹತ್ತು ಸರ್ತಿ ಅರ್ಧ ಆಗಬೇಕು. ಆಮ್ಯಾಲ ಸಾವಿರಕ್ಕ ಒಂದು ಪಾಲು ಉಳಿತೈತಿ."

ಬಸ್ಸಿನಲ್ಲಿ ಏಳೆಂಟು ಗಂಟೆ ಯಾರದೋ ಪಕ್ಕ ಕೂರುವ ಹಾಗಿಲ್ಲವಾದ್ದರಿಂದ ಕಾರು ಮಾಡಿಕೊಂಡು, ಡ್ರೈವರಿಗೆ ಎದುರು ಮೂಲೆಯಲ್ಲಿ ಹಿಂದೆ ಕೂತು ಬಂದೆ. ಇವರು ಮುಂಚಿನ ದಿನವೇ ಬಸ್ಸಿನಲ್ಲಿ ಹೋಗಿ ಜಗಲಿಯ ಕೋಣೆ ತೆರವು ಮಾಡಿ, ಅಂಗಳದಲ್ಲಿ ಅಡಿಕೆ ದಬ್ಬೆಯನ್ನು ಅಡ್ಡ ಕಟ್ಟಿದ್ದರು. ಎರಡು ಮೀಟರ್, ಟೇಪು ಹಿಡಿದು ಅಳೆದು. ಮಗಳು ದಬ್ಬೆಯ ಆಚೆ, ನಾನು ಈಚೆ. ಹತ್ತು ದಿನ ಅವಳಿಗೂ, ಪಕ್ಕದ ಮನೆಯ ಬಸುರಿಗೂ ನನ್ನ ಹತ್ತಿರ ಬರುವಂತಿಲ್ಲ.

ಜನರ ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಎರಡನೇ ದಿನವೇ ಬಂದ ಚಿಕ್ಕಮ್ಮ ದಬ್ಬೆ ದಾಟಿ ನನ್ನ ಪಕ್ಕ ಕೂತು ತಲೆ ಸವರಿದರು, ಬೇಡವೆಂದರೂ ಕೇಳಲಿಲ್ಲ. ಮೂರು ತಿಂಗಳು ಕಳೆದು, ನನ್ನಲ್ಲಿ ಗೋಡೆಯಷ್ಟೂ ಟಿಕ್ ಇಲ್ಲದಾಗ, ಸೊಸೈಟಿಯಲ್ಲಿ ಒಬ್ಬರು ನನ್ನ ಕೈಯಿಂದ ರಸೀದಿ ತೆಗೆದುಕೊಳ್ಳದೆ ಮೇಜಿನ ಮೇಲಿಡಲು ಹೇಳಿದರು. ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ, ಆದರೆ ಇಬ್ಬರೂ ಲೆಕ್ಕ ನೋಡಲಿಲ್ಲ.

ಲೆಕ್ಕ ನಾನೂ ಮರೆತೆ, ಮನೆಗೆ ಬಂದ ನಾಲ್ಕನೇ ರಾತ್ರಿ. ಮಳೆಗೆ ಕರೆಂಟು ಹೋಗಿತ್ತು. ಬೆಳಗಿನ ಜಾವ ಎಚ್ಚರವಾಗಿ ಕಾಲು ಚಾಚಿದರೆ ಬೆಚ್ಚಗೆ ಏನೋ ತಾಕಿತು. ಟಾರ್ಚ್ ಬಿಟ್ಟೆ. ಮಗಳು, ನನ್ನ ಕಾಲ ಬಳಿ, ಕಂಬಳಿಯ ಅಂಚು ಹೊದ್ದು ಮುದುರಿಕೊಂಡಿದ್ದಾಳೆ. ಯಾವಾಗ ಬಂದಳೋ! ನನ್ನ ಎದೆ ನಿಂತುಹೋಯಿತು. ಹುಲ್ಲು, ಹಸು, ಹಾಲು, ಪುಟ್ಟ ಗ್ರಂಥಿ, ಓದಿದ್ದೆಲ್ಲ ಒಮ್ಮೆಗೇ. ಕೂಗಿ ಅತ್ತೆಯನ್ನೆಬ್ಬಿಸಿ ಮಗುವನ್ನು ಕಳಿಸಿ, ಐದೂವರೆಗೆ ಕೊಪ್ಪಳದ ಹುಡುಗಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ಅವಳು ಆಕಳಿಸಿದ್ದು ಕೇಳಿಸಿತು. "ಎಲ್ಲಿ ಮಲಗಿದ್ಲು? ಕಾಲ ಹತ್ರಲ್ಲಾ, ಕುತಗಿ ಹತ್ರ ಅಲ್ಲಲ್ಲ? ಈಗ ಉಳದದ್ದೆಲ್ಲಾ ನಿಮ್ಮ ಕುತಗ್ಯಾಗೈತಿ. ಪೆನ್ನ ತಗೋರಿ."

ಪೆನ್ನು ತೆಗೆದುಕೊಂಡೆ. ಹೊರಡುವಾಗ 21 ಇತ್ತು. ಈಗ ಅರ್ಧಕ್ಕಿಂತ ಕಡಿಮೆ ಇರಬೇಕು, ಆದರೂ ಹೆಚ್ಚೇ ಹಿಡಿಯೋಣ, ಹತ್ತು. ಕುತ್ತಿಗೆಯಿಂದ ಕಾಲಿಗೆ ಒಂದು ಮೀಟರಿನ ಮೇಲೆ ದೂರ. ನಾಲ್ಕು ಗಂಟೆ ಮಲಗಿದ್ದಳು ಅನ್ನೋಣ. ಹತ್ತು ನಾಲ್ಕಲೆ ನಲವತ್ತು ಮೈಕ್ರೋಸೀವರ್ಟ್. ಭೂಮಿ ಆಕಾಶ ದಿನಕ್ಕೆ ಸುಮಾರು ಆರೂವರೆ ಕೊಡುತ್ತವೆ. "ಅಂದ್ರ ನಿಮ್ಮ ಮಗಳು ಆರು ದಿನದ್ದು ಒಂದಽ ರಾತ್ರ್ಯಾಗ ತಗೊಂಡ್ಲು, ಅಷ್ಟಽ. ಅಯೋಡಿನ್ ಆಕಿ ಹೊಟ್ಟಿಗಿ ಹೋಗಿಲ್ಲ. ನಿಮ್ಮ ಎಂಜಲಾ ಲೋಟಾ ಮುಟ್ಟಸಬ್ಯಾಡ್ರಿ, ಬಾಗಲಾ ಹಾಕ್ಕೊಂಡು ಮಲಗ್ರಿ."

ಆ ಲೆಕ್ಕ ಬರೆದದ್ದು ಹಾಲಿನ ಪುಸ್ತಕದ ಹಿಂಬದಿಯ ಹಾಳೆಯಲ್ಲಿ. ಇನ್ನೂ ಹಾಗೇ ಇದೆ.

ಸ್ಕ್ಯಾನಿಗೆಂದು ಮಾರನೆಯ ದಿನ ಮತ್ತೆ ಬೆಂಗಳೂರಿಗೆ ಹೋದೆ. ಇದರಲ್ಲಿ ಯಂತ್ರ ಕಿರಣ ಬಿಡುವುದಿಲ್ಲ, ನಮ್ಮ ಮೈಯಿಂದ ಬರುವುದನ್ನು ಹಿಡಿಯುತ್ತದೆ. ಪರದೆಯ ಮೇಲೆ ಕತ್ತಲಲ್ಲಿ ನನ್ನ ಆಕಾರ ಮಸುಕಾಗಿ, ಕುತ್ತಿಗೆಯಲ್ಲಿ ಮೂರು ಬಿಳಿ ಚುಕ್ಕಿ. ಹೊಟ್ಟೆ, ಮೂತ್ರಕೋಶದಲ್ಲೂ ಒಂದಿಷ್ಟು ಬೆಳಕು, ಅದು ಸಹಜವಂತೆ. ಶ್ವಾಸಕೋಶ ಕಪ್ಪಾಗಿಯೇ ಇತ್ತು, ಅಂದರೆ ಅಲ್ಲಿಗೆ ಹಬ್ಬಿದ್ದು ಕಾಣಲಿಲ್ಲ. ಕಪ್ಪು ನೋಡಿ ಇಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೇ ಮೊದಲು.

ಮಾತ್ರೆ ಶುರುವಾಯಿತು, ದನಿ ಬಂತು, ಮೆಟ್ಟಿಲು ಹತ್ತಿದ್ದು ಯಾಕೆಂದು ನೆನಪಾಗತೊಡಗಿತು. ಬಾಯಿ ಮಾತ್ರ ಕೆಟ್ಟಿತ್ತು. ಕನಸು ಕಂಡಿದ್ದ ಮೊದಲ ಲೋಟ ಮಜ್ಜಿಗೆ ಹಳೇ ಐದು ಪೈಸೆ ನೆಕ್ಕಿದ ಹಾಗಿತ್ತು. ಸುಮಾರು ಆರು ವಾರ ಎಲ್ಲಕ್ಕೂ ಅದೇ ರುಚಿ. ಈಗಲೂ ಒಣ ಅವಲಕ್ಕಿ ತಿನ್ನಬೇಕೆಂದರೆ ಪಕ್ಕದಲ್ಲಿ ನೀರಿರಬೇಕು.

ಮೂರು ತಿಂಗಳಿಗೆ ರಕ್ತ ಪರೀಕ್ಷೆಗೆ ಹೋದಾಗ ಥೈರೋಗ್ಲೋಬುಲಿನ್, ಅಂದರೆ ಥೈರಾಯ್ಡ್ ಕೋಶಗಳು ಮಾತ್ರ ತಯಾರಿಸುವ ಪ್ರೋಟೀನು, ತಳ ಮುಟ್ಟಿತ್ತು. ವರ್ಷದೊಳಗೆ ಇನ್ನೊಂದು ಸ್ಕ್ಯಾನ್ ಇದೆ, ಮತ್ತೆ ಅದೇ ಪಥ್ಯ. ಅತ್ತೆ ಸೀಮೆಸುಣ್ಣದ ಪೊಟ್ಟಣವನ್ನು ಎಸೆದಿಲ್ಲ. ಹೊರಡುವಾಗ ಕೊಪ್ಪಳದ ಹುಡುಗಿ ನಿಲ್ಲಿಸಿ ಕತ್ತಲೆ ಕೋಣೆಯಿಂದ ಹಳದಿ ಚೀಲ ತಂದಳು. ತೊಂಬತ್ತೊಂದು ದಿನವಾಗಿತ್ತು. ಟೋಪಿಯನ್ನು ಮೇಜಿನ ಮೇಲಿಟ್ಟು ಮೀಟರ್ ಹಿಡಿದಳು. ಟಿಕ್. ಸ್ವಲ್ಪ ತಡೆದು, ಟಿಕ್ ಟಿಕ್. ಗೋಡೆಯ ಕಡೆ ತಿರುಗಿಸಿದಳು, ಅಷ್ಟೇ.

"ತಗೋರಿ. ಒಮ್ಮೆ ತೊಳದು ಹಾಕ್ರಿ."

ಮನೆಗೆ ತಂದು ತೊಳೆದು, ಒಣಗಿಸಿ, ಮಗಳ ತಲೆಗೆ ಹಾಕಿದೆ. ಸ್ವಲ್ಪ ಬಿಗಿಯಾಯಿತು. ಮಳೆಯೂ ಅಷ್ಟರಲ್ಲಿ ನಿಂತಿತ್ತು. ಅವಳು ಅದನ್ನು ತೆಗೆದು ಕೊಟ್ಟಿಗೆಯ ಕರುವಿಗೆ ಹಾಕಿ ನೋಡಲು ಓಡಿದಳು.